ಆರತಿ ತಟ್ಟೆಯೂ ಬ್ರೇಕಿಲ್ಲದ ಲಾರಿಯೂ

ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಅವನಿಗೊಂದು ಲಾರಿ, ಆ ಲಾರಿಗೊಬ್ಬ ಡ್ರೈವರು. ಡ್ರೈವರನಿಗೆ ಒಂದೇ ಚಿಂತೆ. ಹಬ್ಬದ ಮಾರನೆಯ ದಿನ ಮೆಕ್ಕೆಜೋಳ ಹೇರಿಕೊಂಡು ಘಾಟಿ ಇಳಿಯಬೇಕು, ಲಾರಿಯ ಬ್ರೇಕು ಹಿಡಿಯುತ್ತಿಲ್ಲ. ವಿಮೆ ಮುಗಿದೂ ಎರಡು ತಿಂಗಳಾಗಿದೆ.

"ಸಾವ್ಕಾರ್ರ, ಬ್ರೇಕ್ ಸವದಾವ್ರಿ. ಇನ್ಶೂರೆನ್ಸೂ ಇಲ್ಲ. ಘಾಟಿನ್ಯಾಗ ಯಾರಿಗರ ಬಡಿದ್ರ ಆ ಮನಿಯವ್ರ ಗತಿ ಏನ್ರಿ?"

ಸಾಹುಕಾರ ನಕ್ಕ. "ಆಯುಧಪೂಜಾ ಜೋರ್ ಮಾಡ್ತೀನಲೇ, ತಾಯಿ ಕಾಯ್ತಾಳ. ನೀ ಸುಮ್ನ ಸ್ಟೇರಿಂಗ್ ಹಿಡಿ."

ಮಾಡಿದ ನೋಡಿ ಪೂಜೆ! ಲಾರಿ ಚೆಂಡುಹೂವಿನಲ್ಲಿ ಮುಳುಗಿಹೋಯಿತು. ಗಾಜಿಗೂ ಹಾರ, ಕನ್ನಡಿಗೂ ಹಾರ, ಡೀಸೆಲ್ ಟ್ಯಾಂಕಿಗೂ ಕುಂಕುಮ. ಬ್ರೇಕನ್ನು ಯಾರು ನೋಡಿದರು ಹೇಳಿ? ಗಾಲಿಗೊಂದು ನಿಂಬೆಹಣ್ಣು ಇಡಿಸಿ, ಸಾಹುಕಾರ ಆರತಿ ತಟ್ಟೆ ಹಿಡಿದು ಲಾರಿಯ ಎದುರಿಗೇ ನಿಂತ. "ಹಣ್ಣು ಹಾಯಿಸಿ ನಿಲ್ಸು" ಎಂದ.

ಡ್ರೈವರ್ ದೇವರನ್ನು ನೆನೆದು ಲಾರಿ ಬಿಟ್ಟ. ಹಣ್ಣು ಪಚಕ್ಕನೆ ಒಡೆದವು. ಬ್ರೇಕ್ ತುಳಿದ. ನಿಲ್ಲಲಿಲ್ಲ. ಮತ್ತೆ ತುಳಿದ. ನಿಲ್ಲಲೇ ಇಲ್ಲ! ಅಂಗಳ ಬೇರೆ ಇಳಿಜಾರು. ಅವನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

"ಬಾಜೂಕ ಸರೀರಿ ಸಾವ್ಕಾರ್ರ!"

ಸಾಹುಕಾರ ತಟ್ಟೆ ಎಸೆದವನೇ, ಧೋತರ ಎತ್ತಿಕಟ್ಟಲೂ ಪುರುಸೊತ್ತಿಲ್ಲದೆ, ದನದ ನೀರಿನ ತೊಟ್ಟಿಗೆ ಧುಮುಕಿದ. ಡ್ರೈವರ್ ಸ್ಟೇರಿಂಗ್ ತಿರುಗಿಸಿ ಉಸುಕಿನ ರಾಶಿಗೆ ನುಗ್ಗಿಸಿದ. ಲಾರಿ ನಿಂತಿತು. ಅವನಿಗೆ ಹೋದ ಜೀವ ಬಂದಂತಾಯಿತು.

ಯಾರಿಗೂ ಏನೂ ಆಗಲಿಲ್ಲ. ಕಿವಿಗೆ ಚೆಂಡುಹೂ ಸಿಕ್ಕಿಸಿಕೊಂಡು ತೊಟ್ಟಿಯಿಂದೆದ್ದ ಗಂಡನನ್ನು ಕಂಡು ಸಾಹುಕಾರ್ತಿಯೇ ಮೊದಲು ನಕ್ಕಳು. ಆಮೇಲೆ ಇಡೀ ಓಣಿ ನಕ್ಕಿತು.

"ಪೂಜಾ ಫಲ ಕೊಟ್ಟೈತ್ರಿ ಸಾವ್ಕಾರ್ರ" ಎಂದ ಡ್ರೈವರ್. "ಘಾಟಿನ್ಯಾಗ ತೋರ್ಸೂದನ್ನ ತಾಯಿ ಅಂಗಳದಾಗ ತೋರ್ಸಿದ್ಲು."

ಸಾಹುಕಾರನೂ ನಕ್ಕುಬಿಟ್ಟ. "ಮೆಕ್ಕೆಜೋಳ ಕಾಯ್ಲಿ. ಮೊದ್ಲ ಬ್ರೇಕ್ ರಿಪೇರಿ ಮೇಸ್ತ್ರಿನ ಕರಿ. ಇನ್ಶೂರೆನ್ಸ್ ಆಗೂತನಕ ಲಾರಿ ಊರ ಅಗಸಿ ಬಾಗ್ಲಾ ದಾಟಂಗಿಲ್ಲ."

ವಾರ ಕಳೆದು ಡ್ರೈವರ್ ಘಾಟಿ ಇಳಿದ. ತಿರುವು ತಿರುವಿಗೂ ಬ್ರೇಕ್ ಹಿಡಿಯಿತು. ಹಾಡು ಹೇಳುತ್ತಲೇ ಇಳಿದ.

ನೀವೂ ನಕ್ಕಿರಿ. ನಗಿ, ಬೇಡವೆನ್ನುವವರು ಯಾರು? ಆದರೆ ಈ ಸಭೆಯ ಹೊರಗೆ ಪೂಜೆಗೆಂದು ನಿಂತಿರುವ ಗಾಡಿಗಳು ಯಾರವು? ನಿಮ್ಮವೇ ತಾನೆ? ಹಾರ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಕಿ, ಎರಡು ಹಾಕಿ! ಅದಕ್ಕೆ ಮೊದಲು ಬ್ರೇಕ್ ತೋರಿಸಿ, ವಿಮೆಯ ಕಾಗದ ತೆಗೆದು ದಿನಾಂಕ ಓದಿ. ಡ್ರೈವರ್ ಹೆದರಿಕೆಯಾಗುತ್ತದೆ ಎಂದರೆ ಬೈಯಬೇಡಿ, ಕುಳಿತು ಕೇಳಿ. ಆಮೇಲೆ ಆರತಿ ತಟ್ಟೆ ಹಿಡಿದು ನಿಮ್ಮ ಲಾರಿಯ ಮುಂದೆ ನಿಲ್ಲಿ. ನಿಲ್ಲಲು ಧೈರ್ಯ ಬಾರದಿದ್ದರೆ, ಅದನ್ನು ಇನ್ನೊಬ್ಬರ ಮಕ್ಕಳು ನಡೆಯುವ ದಾರಿಗೆ ಬಿಡಬೇಡಿ.