ಮಟಿಲ್ಡಾದ ಮಗ್ಗುಲಿನ ತೂತು

ಹಲೋ… ಹಲೋ, ಯಾರದು ಮಾತಾಡ್ತಿರೋದು?

…

ಯಾರು? ಸ್ವಲ್ಪ ಕಿರುಚಿ ಹೇಳಿ. ಇಲ್ಲಿ ತಗಡಿನ ಮೇಲೆ ಗಲಾ ಹಕ್ಕಿಗಳು ಹಿಂಡುಗಟ್ಟಿ ಕೂತು ಪಾರ್ಲಿಮೆಂಟು ನಡೆಸ್ತಿದಾವೆ, ಒಂದಕ್ಷರ ಕಿವಿಗೆ ಬೀಳ್ತಿಲ್ಲ.

…

ಕ್ರಾಡಕ್ಕಾ? ಟ್ಯಾಂಕ್ ಮ್ಯೂಸಿಯಮ್ಮಿನ ಕ್ರಾಡಕ್ಕಾ? ಓಹೋಹೋ! ಹಲ್ಲು ಕೀಳೋದು ಬಿಟ್ಟು ಹಳೇ ಟ್ಯಾಂಕು ಗುಡ್ಡೆ ಹಾಕೋಕೆ ಹೊರಟ ಡಾಕ್ಟರು! ಹೇಳಪ್ಪಾ. ನಿನ್ನ ಫೋನು ಬರುತ್ತೆ ಅಂತ ಬೆಳಿಗ್ಗೆಯಿಂದ ಕುರ್ಚಿ ಎಳ್ಕೊಂಡು ಕೂತಿದೀನಿ.

…

ಹಾಂ. ನಾನೇ. ನಾನೇ ಕಿತ್ತೆ. ಕ್ಲೆಮ್ ಟ್ರೆಗೇರ್ ಕಿತ್ತ ಅಂತ ದೊಡ್ಡದಾಗಿ ಬರ್ಕೋ. ನಿನ್ನ ಟ್ಯಾಂಕಿನ ಹಿತ್ತಾಳೆ ಫಲಕ, ನಾಲ್ಕು ಸ್ಕ್ರೂ, ನಿನ್ನೆ ಮಧ್ಯಾಹ್ನ. ನಿನ್ನ ಕಾವಲಿನವನು ಕೂತು ಸ್ಯಾಂಡ್‌ವಿಚ್ ಕಚ್ತಿದ್ನಲ್ಲಾ, ಅವನ ಮೂಗಿನ ಕೆಳಗೇ. ಪಾಪ, ಒಳ್ಳೇ ಮನುಷ್ಯ. ಕೊನೇ ಸ್ಕ್ರೂ ಬಿಗಿಯಾಗಿತ್ತು, ಎದ್ದು ಬಂದು ಒಂದು ಕೈ ಹಚ್ದ.

…

ಕಳ್ಳ ಅಂತೀಯಾ? ನಾನು ಕಳ್ಳನಾ? ಪೊಲೀಸಿಗೆ ಹೇಳು, ಹೋಗು. ಸಾರ್ಜೆಂಟು ನನ್ನ ತಂಗಿ ಮಗ. ಅವನಿಗೆ ನಡೆಯೋಕೆ ಬರದೇ ಇದ್ದಾಗ ಅದೇ ಟ್ಯಾಂಕಿನೊಳಗೆ ಕೂರಿಸ್ಕೊಂಡು ಸುತ್ತಾಡಿಸಿದೀನಿ. ಕಳಿಸು, ನೋಡೋಣ.

…

ನಾಳೆ ಹನ್ನೊಂದು ಗಂಟೆಗೆ ಸಮಾರಂಭ ಅಂತ ನಂಗೆ ಗೊತ್ತಿಲ್ವಾ? ಅಲ್ಲಿ ನಿಂತು ಭಾಷಣ ಮಾಡೋಕೆ ನನ್ನನ್ನೇ ತಾನೇ ಕರ್ದಿದ್ದೆ? ಯುದ್ಧ ಮುಗಿದು ಐವತ್ತು ವರ್ಷ ಆಯ್ತು, ಬ್ಯಾಂಡು ಬರುತ್ತೆ, ಹೂವಿನ ಚಕ್ರ ಇಡ್ತಾರೆ, ಕ್ಲೆಮ್, ನೀನು ಎರಡು ಮಾತಾಡ್ಬೇಕು ಅಂದೆ. ಸರಿ, ಎಲ್ಲಿ ನಿಂತ್ಕೋಬೇಕು ಅಂತ ನೋಡ್ಕೊಂಡು ಬರೋಣ ಅಂತ ಡಲ್ಸಿನ ಕರ್ಕೊಂಡು ನಿನ್ನೆ ಬಂದೆ. ನಂಗೆ ಓದೋದು ಕಷ್ಟ, ನಿಂಗೊತ್ತು. ಫಲಕ ಡಲ್ಸಿ ಓದಿದ್ಲು. ಅರ್ಧ ಓದಿ ನಿಲ್ಲಿಸಿಬಿಟ್ಲು. ನನ್ನ ಹೆಂಡತಿ ಮಾತು ಅರ್ಧಕ್ಕೆ ನಿಲ್ಲಿಸಿದ್ದು ನಲವತ್ನಾಲ್ಕು ವರ್ಷದಲ್ಲಿ ಅದೇ ಮೊದಲು.

…

ಯಾಕಾ? ಯಾಕೆ ಅಂತ ಕೇಳ್ತೀಯಾ? ‘ಬೋರ್ನಿಯೊ ಕಾಳಗದಲ್ಲಿ ಶತ್ರುವಿನ ಗುಂಡು ಈ ಮಟಿಲ್ಡಾ ಟ್ಯಾಂಕಿನ ಮಗ್ಗುಲನ್ನು ತೂರಿತು, ಒಳಗಿದ್ದ ಕಾರ್ಪೊರಲ್ ಆರ್ಚಿ ಡನ್‌ಕ್ಲಿಫ್ ವೀರಮರಣ ಹೊಂದಿದರು.’ ಹೀಗೇ ತಾನೇ ಬರೆಸಿದ್ದೀಯ? ಬಾಣದ ಗುರುತು ಬೇರೆ, ತೂತಿನ ಕಡೆಗೆ! ಅಯ್ಯಾ, ಆ ತೂತು ಕೊರೆದೋನು ನಾನು ಕಣಯ್ಯಾ!

…

ನಾನು! ಗ್ಯಾಸ್ ಕಟ್ಟರಿನಲ್ಲಿ! ಐವತ್ತೆರಡರ ಜನವರಿಯ ಸುಡು ಬೇಸಿಗೆಯಲ್ಲಿ! ಹೊಲದಲ್ಲಿ ಆ ಟ್ಯಾಂಕು ಓಡಿಸ್ಕೊಂಡೇ ಮ್ಯಾಲಿ ಪೊದೆ ಕೀಳ್ತಿದ್ವಿ. ಕಬ್ಬಿಣದ ಹೊಟ್ಟೆಯೊಳಗೆ ಕೂತ್ರೆ ಮೈಯೆಲ್ಲಾ ಕರಗಿ ಬೂಟಿಗೆ ಇಳೀತಿತ್ತು. ಗಾಳಿ ಬರ್ಲಿ ಅಂತ ಡಲ್ಸಿಯ ಕೇಕ್ ತಟ್ಟೆ ಕದ್ಕೊಂಡು ಹೋದೆ, ಮಗ್ಗುಲಿಗೆ ಒತ್ತಿ ಹಿಡ್ದೆ, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳ್ದೆ, ಕತ್ತರಿಸ್ದೆ. ಗುಂಡು ಬಿದ್ರೆ ಅಷ್ಟು ದುಂಡಗೆ ತೂತು ಬೀಳುತ್ತೇನಯ್ಯಾ? ಅಂಚು ನೋಡು, ಮೇಣದಬತ್ತಿ ಹಂಗೆ ಕರಗಿ ಇಳಿದಿದೆ. ಮೂವತ್ತು ವರ್ಷ ಜನರ ಬಾಯೊಳಗೆ ತೂತು ನೋಡ್ದೋನು ನೀನು, ಇದೊಂದು ತೂತು ಗೊತ್ತಾಗ್ಲಿಲ್ವಾ?

…

ಹಾಂ, ಹೇಳಿದ್ದು ನಾನೇ. ಹತ್ತು ವರ್ಷದ ಹಿಂದೆ, ಪಬ್ಬಿನಲ್ಲಿ. ಹೌದು. ಇಲ್ಲ ಅಂದ್ನಾ? ನೋಟ್‌ಬುಕ್ಕು ಬಿಚ್ಕೊಂಡು ಬಂದೆ ನೀನು. ನಿನ್ನ ಟ್ಯಾಂಕೇನಾದ್ರೂ ಯುದ್ಧ ನೋಡಿತ್ತಾ ಕ್ಲೆಮ್ ಅಂದೆ. ನಾನು ಇಲ್ಲ ಅಂದೆ. ಐಸ್‌ಕ್ರೀಮು ಮಣ್ಣಿಗೆ ಬಿದ್ದ ಮಗು ಹಂಗಾಯ್ತು ನಿನ್ನ ಮುಖ. ಕರುಳು ಚುರ್ ಅಂತು. ಅದಕ್ಕೇ, ಸೈನ್ಯದವರು ಟ್ಯಾಂಕು ಹರಾಜು ಹಾಕಿದ ದಿನ ಅದರಲ್ಲಿ ಹೋರಾಡಿದ ಸಿಪಾಯಿಯೊಬ್ಬ ಸಿಕ್ಕಿದ್ದ, ಗೆಳೆಯ ಒಳಗೇ ಸತ್ತ ಅಂತ ಅತ್ತ, ಅಂತೆಲ್ಲ ಅಂದೆ. ಸತ್ತೋನು ಒಬ್ಬ ಹುಡುಗ ಅಂದೆ, ಅಷ್ಟೇ. ಹೆಸರು ಹೇಳಿದ್ನಾ? ಹೇಳು, ಹೆಸರು ಹೇಳಿದ್ನಾ?

…

ಅಲ್ವಾ? ಹೆಸರು ತುರುಕಿದೋನು ನೀನು! ಸತ್ತವರ ಪಟ್ಟಿ ತರಿಸ್ಕೊಂಡು, ಅದರಲ್ಲಿ ಒಂದಕ್ಕೆ ಬೆರಳಿಟ್ಟು, ಹಾಂ ಇವನೇ ಅಂದ್ಬಿಟ್ಟೆ. ಅದೇ ಪಬ್ಬಿನಲ್ಲಿ, ನಾನು ಕಾಂಗರೂಗೆ ಕೋಟು ಹೊಲಿಸಿ ಚರ್ಚಿಗೆ ಕಳಿಸಿದ್ದೆ ಅಂತಾನೂ ಹೇಳಿದ್ದೆ. ಅದಕ್ಕೂ ಫಲಕ ಹಾಕಿದ್ಯಾ? ಅಲ್ಲಿ ಕೂತ ಹನ್ನೆರಡು ಜನ ಬಿದ್ದೂ ಬಿದ್ದೂ ನಗ್ತಿದ್ರು. ನೀನೊಬ್ಬ ಬರ್ಕೊಳ್ತಿದ್ದೆ!

…

ಏನು? ಈಗ ಸುಳ್ಳು ಹೇಳ್ತಿದೀನಾ? ಆಗ ಹೇಳಿದ್ದು ನಿಜ, ಈಗ ಹೇಳ್ತಿರೋದು ಸುಳ್ಳಾ? ಟ್ಯಾಂಕು ವಾಪಸ್ಸು ಹೊಡ್ಕೊಳ್ಳೋಕೆ ಮಾಡಿರೋ ಹೂಟನಾ? ಹೋಗಯ್ಯಾ, ನಂಗ್ಯಾಕೆ ಆ ತುಕ್ಕಿನ ಮುದ್ದೆ! ಅದರಲ್ಲಿ ನಂದು ಅಂತ ಇರೋದು ಹೊಟ್ಟೆ ಒಂದೇ. ಚಕ್ರ ಇನ್ಯಾರದ್ದೋ ಹೊಲದ್ದು. ತೋಪು ಕೂರಿಸೋ ಮೇಲಿನ ಗುಮ್ಮಟ ಪಕ್ಕದ ಹೊಲದ ಹೆಂಡಿ ಅನ್ನೋನ ಮನೆಯಲ್ಲಿ ಕೋಳಿಗೂಡಾಗಿತ್ತು. ಬೇಸಿಗೆಯಲ್ಲಿ ಅದರೊಳಗೆ ಕೋಳಿಗಳು ಬೆಂದ ಮೊಟ್ಟೆ ಇಡ್ತಿದ್ವು. ಇದನ್ನೂ ಬರ್ಕೋ. ಮೂರು ಹೊಲದ ಕಬ್ಬಿಣ ತಂದು ಬೆಸುಗೆ ಹಾಕಿ ಒಂದು ಮಟಿಲ್ಡಾ ಮಾಡಿದ್ದೀಯ, ಅದರಲ್ಲಿ ಯಾವ ತುಂಡು ಬೋರ್ನಿಯೊಗೆ ಹೋಗಿತ್ತು ಅಂತ ಹೇಳ್ತೀಯಾ?

…

ಗೊತ್ತಪ್ಪಾ, ಗೊತ್ತು. ಲೋಕದಲ್ಲಿ ಉಳಿದಿರೋ ಮಟಿಲ್ಡಾ ಬೆರಳೆಣಿಕೆ. ಇಂಗ್ಲೆಂಡಿನ ದೊಡ್ಡ ಮ್ಯೂಸಿಯಮ್ಮಲ್ಲಿ ಇರೋದಕ್ಕೂ ಇಂಥ ಗಾಯ ಇಲ್ಲ. ಬಂದೋರೆಲ್ಲಾ ತೂತಿಗೆ ಕೈ ಹಾಕಿ ಫೋಟೋ ತೆಗಿಸ್ಕೊಳ್ತಾರೆ. ಗೊತ್ತು. ಇನ್ನೊಂದು ಕೇಳು. ನಮ್ಮಪ್ಪ ಅದನ್ನ ಹರಾಜಿನಲ್ಲಿ ತಂದ ದಿನ ಸೀಟಿನ ಚರ್ಮ ಹೊಸಾ ಬೂಟಿನ ಹಂಗೆ ಮಿಂಚ್ತಿತ್ತು. ಗೇರಿನಲ್ಲಿ ಕಾರ್ಖಾನೆಯ ಗ್ರೀಸು ಹಂಗೇ ಇತ್ತು. ಅದರೊಳಗೆ ಯಾವನೂ ಕೂತೇ ಇರಲಿಲ್ಲ! ಯುದ್ಧ ಮುಗಿಯೋ ತನಕ ಯಾವುದೋ ಗೋಡೌನಲ್ಲಿ ನಿದ್ದೆ ಹೊಡೀತಿದ್ದ ಸೋಮಾರಿ ಅದು.

…

ಇಲ್ಲ. ಕೊಡಲ್ಲ. ಫಲಕ ಕೊಡಲ್ಲ. ಇಲ್ಲೇ ಅಡುಗೆಮನೆ ಮೇಜಿನ ಮೇಲಿದೆ, ಡಲ್ಸಿ ಅದರ ಮೇಲೆ ಟೀ ಪಾತ್ರೆ ಇಟ್ಟಿದ್ದಾಳೆ. ಸತ್ತೋನೊಬ್ಬನ ಹೆಸರನ್ನ ನನ್ನ ಹೆಂಡತಿಯ ಕೇಕ್ ತಟ್ಟೆಯ ಮೇಲೆ ಅಂಟಿಸಿ ಬ್ಯಾಂಡು ಬಾರಿಸ್ತೀಯಾ? ಅವನ ಮಗಳು ಬಂದು ಅದಕ್ಕೆ ಹೂವಿಡ್ಬೇಕಾ? ಪಬ್ಬಿನಲ್ಲಿ ಸುಳ್ಳು ಹೇಳೋದಕ್ಕೂ ಒಂದು ಲೆಕ್ಕ ಇರುತ್ತೆ ಕಣಯ್ಯಾ. ಸತ್ತೋರ ಮನೆ ಬಾಗಿಲಿಗೆ ಅದು ಹೋಗಬಾರದು.

…

ಯಾರು? ಮಗಳಾ? ಬಂದೇಬಿಟ್ರಾ? ನಿನ್ನ ಪಕ್ಕದಲ್ಲೇ… ಬೇಡ. ಬೇಡ ಅಂದೆ. ಕೊಡಬೇಡ ಫೋನು. ಕ್ರಾಡಕ್, ಹಲ್ಲುಗಳ್ಳ, ಕೊಡಬೇಡ—

…

ಹಲೋ… ಹಾಂ, ನಮಸ್ಕಾರ ತಾಯಿ. ನೊರೀನ್ ಅಲ್ವಾ? ಹಾಂ, ನಾನು ಕ್ಲೆಮ್.

…

ಬೈಯಿರಿ. ನೀವು ಬೈಬೇಕು. ಅಷ್ಟು ದೂರದಿಂದ ರೈಲಲ್ಲಿ ಬಂದಿದ್ದೀರಿ.

…

ಕುಡುಕ ಅಂತ ಅವನು ಹೇಳಿದ್ನಾ? ಸುಳ್ಳುಬುರುಕ ಅಂದಿದ್ರೆ ಒಪ್ಕೊಳ್ತಿದ್ದೆ. ತಾಯಿ, ಕೇಳಿ. ಕೂಗಾಡಬೇಡಿ. ಅಲ್ಲ, ಕೂಗಾಡಿ, ಆದ್ರೆ ಮಧ್ಯೆ ಒಂಚೂರು ಕೇಳಿಸ್ಕೊಳ್ಳಿ. ನಿಮ್ಮಪ್ಪ ಆ ಟ್ಯಾಂಕಿನಲ್ಲಿ ಸಾಯಲಿಲ್ಲ. ಆ ಟ್ಯಾಂಕು ಯುದ್ಧಕ್ಕೇ ಹೋಗ್ಲಿಲ್ಲ. ಆ ತೂತು ನಂದು. ಅದರಿಂದ ನಾನು ಟೀ ಗಸಿ ಚೆಲ್ತಿದ್ದೆ, ಉಗೀತಿದ್ದೆ. ನೀವು ಅಲ್ಲಿ ಹೂವಿಟ್ರೆ ನಾನು ಉಗಿದ ಜಾಗಕ್ಕೆ ಇಟ್ಟ ಹಂಗೆ. ಹೇಳಬಾರದು, ಹೇಳಿದೀನಿ.

…

ಹೊಟ್ಟೆಕಿಚ್ಚಾ? ನಂಗಾ? ಯಾವನ ಮೇಲೆ?

…

ನಿಮಗೇನು ಬೇಕು ಅನ್ನೋದು ನಂಗೇನು ಗೊತ್ತು ಅಂದ್ರೆ… ನಿಜ ಬೇಡ್ವಾ ನಿಮಗೆ? ನಿಮ್ಮಪ್ಪನ ಬಗ್ಗೆ ತಾಯಿ! ಯಾವನೋ ಹಲ್ಲಿನ ಡಾಕ್ಟರು ಬರೆಸಿದ ಸುಳ್ಳು ಸಾಕಾ?

…

ಹಲೋ?… ಇದೀರಾ?… ಅವನನ್ನ ಯಾಕೆ ಹೊರಗೆ ಕಳಿಸ್ತಿದ್ದೀರಿ?… ಟೀ ತರೋಕಾ? ಸರಿ. ಹೋದ್ನಾ?… ಹೇಳಿ.

…

ಏನು?… ಅಡುಗೆಯವರಾ? ನಿಮ್ಮಪ್ಪ? ಸೈನ್ಯದಲ್ಲಿ ಅಡುಗೆಯವರಾ?… ಟ್ಯಾಂಕು ದಳದವರಿಗೆ ಅಡುಗೆ ಮಾಡ್ತಿದ್ರು. ಹಾಂ. ಟ್ಯಾಂಕಿನೊಳಗೆ ಕಾಲಿಟ್ಟೋರೇ ಅಲ್ಲ… ಜ್ವರ ಬಂದು ಹೋದ್ರು… ಮತ್ತೆ ಪಟ್ಟಿಯಲ್ಲಿ?… ಅದೇ ದಳ ಅಂತ ಹೆಸರಿತ್ತು. ಅಷ್ಟಕ್ಕೇ ಈ ದಡ್ಡ…

…

ಅಂದ್ರೆ ನಿಮಗೆ ಮೊದಲೇ ಗೊತ್ತಿತ್ತು. ಸೈನ್ಯದ ಕಾಗದ ನೋಡಿದ್ದೀರಿ. ಗೊತ್ತಿದ್ದೂ ಕ್ರಾಡಕ್ ಬರೆದ ಕಾಗದಕ್ಕೆ ಹೂಂ ಅಂದ್ರಿ. ಅಲ್ವಾ? ಆಹಾ! ನನ್ನನ್ನ ಸುಳ್ಳುಬುರುಕ ಅಂದ್ರಲ್ಲಾ ತಾಯಿ ಇಷ್ಟೊತ್ತು! ನಾನಾದ್ರೂ ಮೂರು ಗ್ಲಾಸು ಬಿಯರು ಕುಡಿದು ಹೇಳಿದ್ದೆ. ನೀವು ಬೆಳಗ್ಗೆ ಹೊತ್ತು ಚೆನ್ನಾಗಿ ಎಚ್ಚರ ಇದ್ದು—

…

ಅಮ್ಮನಾ?… ನಿಮ್ಮಮ್ಮ ಇದಾರಾ ಇನ್ನೂ?… ಎಪ್ಪತ್ತಾರು… ಐವಿ. ಹಾಂ.

…

ಅಮ್ಮನಿಗೆ ಅವರೇ ಬರೆದಿದ್ರಾ? ನಿಮ್ಮಪ್ಪನೇ? ‘ನಾನು ಟ್ಯಾಂಕು ಓಡಿಸ್ತೀನಿ’ ಅಂತ?… ಪ್ರತಿ ಕಾಗದದಲ್ಲೂ… ಕಾಡಿನೊಳಗೆ ಮರ ಉರುಳಿಸ್ಕೊಂಡು ಹೋದೆ ಅಂತ. ಕೈಯಲ್ಲಿ ಸೌಟು ಹಿಡ್ಕೊಂಡು ಬರೆದಿದ್ದಾರೆ ನೋಡಿ… ನಗ್ತಿಲ್ಲ ತಾಯಿ. ಇಲ್ಲ, ನಗು ಬಂತು, ಆದ್ರೆ ಅವರನ್ನ ನೋಡಿ ನಕ್ಕಿದ್ದಲ್ಲ. ನಮ್ಮ ಪಬ್ಬಿಗೆ ಬಂದಿದ್ರೆ ನನ್ನ ಪಕ್ಕದಲ್ಲೇ ಕೂರಿಸ್ಕೊಳ್ತಿದ್ದೆ.

…

ಐವತ್ತು ವರ್ಷ. ಆ ಕಾಗದಗಳನ್ನೇ ಓದ್ಕೊಂಡು… ಮದುವೆ ಮತ್ತೆ ಆಗ್ಲಿಲ್ವಾ?… ಹೂಂ. ನೀವು ಅವರಿಗೆ ಯಾವತ್ತೂ ನಿಜ ಹೇಳ್ಲಿಲ್ಲ… ನಾಳೆ ಅವರೂ ಬರ್ತಾರೆ. ಗಾಲಿ ಕುರ್ಚಿಯಲ್ಲಿ.

…

ಅಲ್ಲ ತಾಯಿ, ಇದು ಸರಿ ಅಲ್ಲ. ಸರಿ ಅಲ್ಲ ಇದು. ನಾನು ಈಗಷ್ಟೇ ಜೀವಮಾನದಲ್ಲಿ ಮೊದಲ ಸಲ ನಿಜ ಹೇಳೋಕೆ ಹೊರಟಿದೀನಿ. ಮೈ ಎಲ್ಲಾ ಬೆವರಿ, ಫಲಕ ಕಿತ್ತು, ಹೆಂಡತಿ ಕೈಲಿ ಭೇಷ್ ಅನ್ನಿಸ್ಕೊಂಡು… ಈಗ ಹೋಗಿ ವಾಪಸ್ಸು ಬಿಗಿ ಅಂತೀರಾ?

…

ಒಂದು ನಿಮಿಷ… ಡಲ್ಸೀ, ಕೇಳಿಸ್ಕೊಂಡ್ಯಾ?… ಕೇಳಿಸ್ಕೊಂಡಿದ್ದಾಳೆ. ಫೋನಿಗೆ ಕಿವಿ ಒತ್ತಿ ನಿಂತಿದ್ಲು… ಏನಂತೀಯೇ?… ಫಲಕದ ಮೇಲಿಂದ ಟೀ ಪಾತ್ರೆ ಎತ್ತಿದ್ಲು. ಬಟ್ಟೆ ತಗೊಂಡು ಒರೆಸ್ತಿದ್ದಾಳೆ.

…

ಬಂದ್ನಾ ಅವನು? ಬರೀ ಹೂಂ ಅನ್ನಿ… ಸರಿ, ಸರಿ. ಅವನಿಗೆ ಕೊಡಿ ಫೋನು. ಏನೂ ಹೇಳಬೇಡಿ. ಆ ಕೆಲಸ ನಂಗೆ ಬಿಡಿ, ಅಭ್ಯಾಸ ಇದೆ.

…

ಹಾಂ ಕ್ರಾಡಕ್. ಏನಯ್ಯಾ ಅದು ಅಷ್ಟು ಏದುಸಿರು? ಟೀ ಕಪ್ಪು ಎತ್ತೋಕೇ ಹಿಂಗಾದ್ರೆ… ಹಾಂ, ತರ್ತೀನಿ. ಫಲಕ ತರ್ತೀನಿ. ಹತ್ತು ಗಂಟೆಗೇ ಬಂದು ನಾನೇ ಬಿಗಿದು ಕೊಡ್ತೀನಿ.

…

ಯಾವ ಕೇಕ್ ತಟ್ಟೆ?

…

ನಾನು ಹೇಳಿದ್ನಾ? ನಂಬಿಬಿಟ್ಯಾ? ಅಯ್ಯೋ ಮಾರಾಯ! ಟ್ಯಾಂಕಿಗೆ ಕೇಕ್ ತಟ್ಟೆ ಇಟ್ಟು ತೂತು ಕೊರೀತಾರಾ ಯಾರಾದ್ರೂ? ಭಾಷಣ ತಪ್ಪಿಸ್ಕೊಳ್ಳೋಕೆ ನೋಡ್ದೆ, ಅಷ್ಟೇ. ಗುಂಡು ಬಿದ್ದಿದ್ದೇ. ಸಿಪಾಯಿ ಹೇಳಿದ್ದೇ. ಬರ್ಕೊಂಡಿದ್ದೀಯಲ್ಲಾ, ಹಂಗೇ ಇರ್ಲಿ.

…

ಕ್ಷಮಾಪಣೆನಾ? ಬರೆದು ಬೇರೆ ಕೊಡ್ಬೇಕಾ? ನೋಡು ಡಾಕ್ಟರೇ, ನಿನ್ನ ಮುಖಕ್ಕೋಸ್ಕರ ನಾನು ಮನೆ ಬಾಗಿಲ ಚಿಲಕಾನೂ ತೆಗೆಯೋಲ್ಲ. ಬೇರೆಯವರಿಗೋಸ್ಕರ ಬರ್ತಿದೀನಿ. ನೀನು ಈ ಜನ್ಮದಲ್ಲಿ ಪೆದ್ದ, ಮುಂದಿನ ಜನ್ಮದಲ್ಲೂ ಪೆದ್ದ. ಅದು ನಾಳೆ ಹನ್ನೊಂದು ಗಂಟೆಯೊಳಗೆ ಬದಲಾಗೋದಲ್ಲ.

…

ತಡಿ, ಇಡಬೇಡ! ಒಂದು ವಿಷಯ ಮರೆತಿದ್ದೆ. ಸಿಪಾಯಿ ಇನ್ನೊಂದು ಮಾತು ಹೇಳಿದ್ದ. ಆ ಟ್ಯಾಂಕಿಗೆ ಹೆಸರಿತ್ತು… ಹಾಂ, ಹೆಸರು. ಎಲ್ಲಾ ಟ್ಯಾಂಕಿನೋರೂ ಇಡ್ತಿದ್ರಲ್ಲಾ, ಮೂತಿ ಮೇಲೆ ಬಿಳಿ ಬಣ್ಣದಲ್ಲಿ… ನೋಟ್‌ಬುಕ್ಕು ತಗೊಂಡ್ಯಾ? ತಗೊಂಡೇ ಇರ್ತೀಯ. ಏನು ಹೆಸರು ಅಂತ ನಂಗೆ ನೆನಪಿಲ್ಲ. ಮಗಳಿಗೆ ಗೊತ್ತಿರುತ್ತೆ. ಕೊಡು ಅವರಿಗೆ.

…

ತಾಯಿ, ಅವನು ಪಕ್ಕದಲ್ಲೇ ಇದಾನೆ, ನಾನು ಕೇಳಿದ್ದಕ್ಕಷ್ಟೇ ಹೇಳಿ. ಕಾಗದದಲ್ಲಿ ನಿಮ್ಮಪ್ಪ ತನ್ನ ಟ್ಯಾಂಕಿಗೆ ಏನಾದ್ರೂ ಹೆಸರು ಬರೆದಿದ್ರಾ?… ಬರೆದಿದ್ರು! ನೋಡಿದ್ರಾ? ಬರೆಯದೇ ಇರೋ ಆಸಾಮಿ ಅಲ್ಲ ಅದು. ಹಾಗಾದ್ರೆ ನಿಮ್ಮಮ್ಮ ಕುರ್ಚಿಯಿಂದ ಮೊದಲು ಹುಡುಕೋದೇ ಅದನ್ನ. ಫಲಕ ಅಲ್ಲ, ತೂತಲ್ಲ. ಆ ಹೆಸರು ಅಲ್ಲಿಲ್ದೇ ಇದ್ರೆ ಐವತ್ತು ವರ್ಷ ಅಲ್ಲೇ ಕುಸಿದುಬಿಡುತ್ತೆ. ನಾನು ಬೆಳಿಗ್ಗೆ ಬೇಗ ಬಂದು ಬರೀತೀನಿ, ಹಳೇದಾಗಿ ಕಾಣೋ ಹಂಗೆ ಮಣ್ಣು ತಿಕ್ತೀನಿ. ಹೇಳಿ. ನಂಗೆ ಅಕ್ಷರ ಅಷ್ಟಕ್ಕಷ್ಟೇ, ಬಿಡಿಬಿಡಿಯಾಗಿ ಹೇಳಿ, ಡಲ್ಸಿ ಬರ್ಕೊಳ್ತಾಳೆ… ಡಲ್ಸೀ, ಪೆನ್ಸಿಲ್ಲು!

…

ಹಾಂ, ಮೊದಲನೇದು?

…

ಏನಂದ್ರಿ? ಗರಗರ ಅಂತಿದೆ, ಈ ಹಾಳು ಹಕ್ಕಿಗಳು ಫೋನಿನ ತಂತಿ ಮೇಲೆ ಕೂತ್ವು… ಇನ್ನೊಂದ್ಸಲ… ಮೊದಲನೇ ಅಕ್ಷರ ಒಂದನ್ನಾದ್ರೂ ಹೇಳಿ ತಾಯಿ… ಹಲೋ?… ನೊರೀನ್? ಹಲೋ?… ಹಲೋ—