ಅಡಿವೆವ್ವನ ಬಾಗಿದ ಕತ್ತು

ಒಂದು ಪೇಟೆ ಊರು. ಅಲ್ಲಿ ಸೀರೆ ವ್ಯಾಪಾರದ ಒಬ್ಬ ಸಾಹುಕಾರ. ಅವನ ಹೆಸರು ಬೇಡ; ಹೇಳಿದರೆ ನೀವು ಅವನನ್ನು ಬೈದು, ನಿಮ್ಮನ್ನು ಮರೆಯುತ್ತೀರಿ. ಅವನ ತಾಯಿಯ ಹೆಸರು ಮಾತ್ರ ಹೇಳುತ್ತೇನೆ. ಅಡಿವೆವ್ವ. ಎಪ್ಪತ್ತೆಂಟು ವರ್ಷ.

ಅಡಿವೆವ್ವ ಪಡಸಾಲೆಯಲ್ಲಿ ಕೂತಿರುತ್ತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ, ಆ ಕೈ ಮಡಿಲಲ್ಲಿ, ಗದ್ದ ಎದೆಗೆ ತಾಗಿ. ಬೆಳಿಗ್ಗೆ ಹಾಗೆ, ಮಧ್ಯಾಹ್ನ ಹಾಗೆ, ಸಂಜೆಗೂ ಹಾಗೇ.

"ಏನ್ ನಿಷ್ಠಾರೀ ಸಾಹುಕಾರ್ರ! ಲಿಂಗ ಬಿಟ್ಟು ಕಣ್ಣ ಎತ್ತಂಗಿಲ್ಲ" ಎನ್ನುವರು ಬಂದವರು.

"ನಮ್ಮವ್ವ ಹಂಗರೀ. ಎರಡು ವರ್ಷಾತು, ಸಂಸಾರದ ಕಡೆ ನೋಡಂಗೇ ಇಲ್ಲ" ಎಂದು ಮಗ ಬೀಗುವನು. ಮದುಮಕ್ಕಳನ್ನು ತಂದು ಅವಳ ಕಾಲಿಗೆ ಬೀಳಿಸುವರು. ಬೀಳುವರು, ಎದ್ದು ಹೋಗುವರು.

ನೋಡಿ, ಪೂಜೆಯಲ್ಲಿ ಲಿಂಗ ಹಿಡಿದ ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತುತ್ತೇವೆ. ಈ ಮಠದಲ್ಲಿ ಕೂತ ಎಲ್ಲರಿಗೂ ಅದು ಗೊತ್ತು. ಆ ಕೈ ಮಡಿಲಲ್ಲಿ ಯಾಕಿದೆ ಎಂದು ಒಬ್ಬರಾದರೂ ಕೇಳಿದರೇ? ಒಬ್ಬರು?

ಕೇಳಿದವಳು ಬಳೆಗಾರ್ತಿ. ಸೊಸೆಯಂದಿರಿಗೆ ಬಳೆ ಇಡಲು ಬಂದವಳು ಅಡಿವೆವ್ವನ ಎದುರು ನೆಲದ ಮೇಲೆ ಕೂತಳು. ನೆಲದ ಮೇಲೆ ಕೂತದ್ದಕ್ಕೇ ಆ ಮುಖ ಕಂಡಿತು. ಗದ್ದದಡಿ ಚರ್ಮ ಸುಲಿದು ಹುಣ್ಣಾಗಿತ್ತು. ಬಾಯಂಚಿನಲ್ಲಿ ಬೆಳಗಿನ ಗಂಜಿ ಒಣಗಿತ್ತು.

"ಸಾಹುಕಾರ್ರ, ಇತ್ತ ಬರ್ರಿ. ಎಂಥಾ ಪೂಜಿ ಹಚ್ಚೀರಿ? ಅವ್ವನ ಕತ್ತ ಬಿದ್ದೈತಿ."

"ನೀ ಬಳಿ ಇಡು. ಇಲ್ಲದ ಉಸಾಬರಿ ಬ್ಯಾಡ."

"ನಿಮಗ ಉಸಾಬರಿ ಬ್ಯಾಡಾಗೇ ಇದು ಹುಣ್ಣಾಗೈತಿ!"

ಡಾಕ್ಟರು ನೋಡಿದರು. ಕತ್ತಿನ ಎಲುಬು ಸವೆದಿತ್ತು, ತಲೆಯನ್ನು ಎತ್ತಿ ಹಿಡಿಯುವ ಹಿಂಬದಿಯ ಸ್ನಾಯು ಸೋತಿತ್ತು. ನರ ಒತ್ತಿಕೊಂಡಿದೆಯೇ ಎಂದು ಸ್ಕ್ಯಾನ್ ಮಾಡಿಸಿದರು, ಪುಣ್ಯಕ್ಕೆ ಇರಲಿಲ್ಲ. ಉಣ್ಣುವಾಗ, ಓಡಾಡುವಾಗ ಕತ್ತಿಗೆ ಪಟ್ಟಿ ಕಟ್ಟಿ ಎಂದರು. ದಿನವಿಡೀ ಕಟ್ಟಿದರೆ ಸ್ನಾಯು ಇನ್ನಷ್ಟು ಸೋಲುತ್ತದೆ. ನಿತ್ಯ ಎರಡು ಹೊತ್ತು, ಹತ್ತತ್ತು ನಿಮಿಷ, ಯಾರಾದರೂ ತಲೆಯ ಹಿಂದೆ ಅಂಗೈ ಇಡಬೇಕು, ಅವಳು ತಲೆಯಿಂದ ಆ ಅಂಗೈಯನ್ನು ಮೆಲ್ಲಗೆ ಒತ್ತಬೇಕು.

"ಮೊದಲಿನಂಗ ಆಗತೈತೇನ್ರಿ?" ಎಂದ ಮಗ.

"ಎರಡು ವರ್ಷದ ಹಿಂದ ಬಂದಿದ್ರ ಬ್ಯಾರೆ ಮಾತಿತ್ತು. ಈಗ ಎಷ್ಟು ಉಳಿಸಾಕ ಬರತೈತೋ ಅಷ್ಟು."

ಮನೆಗೆ ಬಂದ ಸಾಹುಕಾರ ತಾಯಿಯ ಎದುರು ನೆಲಕ್ಕೆ ಕೂತ. "ಯಾಕ ಹೇಳಲಿಲ್ಲಬೇ ಯವ್ವಾ?"

"ಮಂದಿ ಮುಂದ ಹೆಮ್ಮಿಲೆ ಹೇಳ್ತಿದ್ದೆಲ್ಲೋ. ನಿನ್ನ ಮಾತು ಸುಳ್ಳು ಮಾಡ್ಲೇನು?"

ಆಮೇಲೆ ಅವನ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು.

"ಮೀಸಿ ಬೆಳ್ಳಗಾಗ್ಯಾವಲ್ಲೋ ಮಗನ. ಯಾವಾಗಾದ್ವು?"

ಒಂದೇ ಸೂರಿನಡಿ ಎರಡು ವರ್ಷ, ಶರಣರೇ! ಒಂದೇ ಸೂರಿನಡಿ!

ಆರು ತಿಂಗಳು ಅವನು ಅವಳ ತಲೆಯ ಹಿಂದೆ ಅಂಗೈ ಹಿಡಿದ. ತಲೆ ನಾಲ್ಕು ಬೆರಳು ಮೇಲೆದ್ದಿತು. ಉಣ್ಣುವಾಗ ಗಂಜಿ ನೆತ್ತಿಗೇರುತ್ತಿದ್ದದ್ದು ನಿಂತಿತು, ಹುಣ್ಣು ಒಣಗಿತು. ಎದುರು ನಿಂತವರ ಮುಖ ಮಾತ್ರ ಅವಳಿಗೆ ಸಾಯುವ ತನಕ ಕಾಣಲಿಲ್ಲ.

ಈಗ ಹೇಳಿ, 'ಮುಪ್ಪಿನಲ್ಲಿ ಹಾಗೇ' ಎಂದು ನೀವು ಎಷ್ಟು ಸಲ ಅಂದಿದ್ದೀರಿ? ಕಾಲು ಹಿಡಿಯುವುದು ಸುಲಭ. ಹಿಡಿದು ಎದ್ದು ಹೋಗಬಹುದಲ್ಲ! ಮನೆಗೆ ಹೋಗಿ ನೆಲದ ಮೇಲೆ ಕೂತುಕೊಳ್ಳಿ. ಮುಖ ನೋಡಿ, ಗದ್ದದಡಿ ನೋಡಿ. ತಲೆ ಎತ್ತಲಾಗದಿದ್ದರೆ, ನುಂಗುವುದು ಕಷ್ಟವಾದರೆ, ಕೈಕಾಲು ಜೋಮು ಹಿಡಿದರೆ, ಹಬ್ಬ ಮುಗಿಯಲಿ ಎಂದು ಕಾಯಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರು ಹೇಳಿಕೊಟ್ಟದ್ದನ್ನು ಆಳಿಗೆ ಒಪ್ಪಿಸಬೇಡಿ. ಆ ಹತ್ತು ನಿಮಿಷ ನಿಮ್ಮದೇ ಅಂಗೈ ಇರಲಿ.

ಮೂರನೆಯ ಕಂಬದ ಬಳಿ ಒಬ್ಬ ಅಜ್ಜ ಕೂತಿದ್ದಾರೆ. ನಾನು ಮಾತು ಶುರುಮಾಡಿದಾಗಿನಿಂದ ಅವರು ತಲೆ ಎತ್ತಿಲ್ಲ. ಭಕ್ತಿಯಿಂದ ಕೇಳುತ್ತಿದ್ದಾರೆ ಎಂದು ನಾನೂ ಈವರೆಗೆ ಸುಮ್ಮನಿದ್ದೆ. ನಾನೂ!

ಅವರನ್ನು ಕರೆತಂದವರು ಯಾರು? ಎದ್ದು ಬನ್ನಿ. ಅವರ ಎದುರು ಕೂತು ಮುಖ ನೋಡಿ. ಮಂಗಳಾರತಿ ಕಾಯುತ್ತದೆ.