ಹಳದಿ ಮೆಸೇಜು

ನನ್ನ ಮುರಿದ ಮುಂಗೈಗೆ ಮೂರನೇ ಎಕ್ಸ್‌ರೇ ಆಗಬೇಕಿತ್ತು; ಹೊರಗಿನ ಬೆಂಚಿನಲ್ಲಿ ಮುಂದಿನ ಸರದಿ ನನ್ನದೇ. ಕೋಣೆಯ ಬಾಗಿಲಲ್ಲೇ ಎಕ್ಸ್‌ರೇ ತೆಗೆಯುವವನು ತನ್ನ ಹಿರಿಯ ಸಹೋದ್ಯೋಗಿಗೆ ಹೇಳುತ್ತಿದ್ದ.

“ಅಕ್ಕಾ, ಎಕ್ಸ್‌ರೇ ಮಷೀನಿನ ಆ ಹಳೇ ಕಂಪ್ಯೂಟರ್ ಈಗ ಕುದುರೆ ಥರ ಓಡ್ತಿದೆ. ಬೇಡದ್ದೆಲ್ಲ ಕಿತ್ತಾಕ್ದೆ.”

“ಏನೇನು ಕಿತ್ತೆ?”

“ಆನ್ ಮಾಡಿದ ತಕ್ಷಣ ಬರ್ತಿದ್ದ ಪ್ರೋಗ್ರಾಮ್‌ಗಳು. ವಾಲ್‌ಪೇಪರ್‌ಗೆ ಮಗಳ ಫೋಟೋ ಹಾಕ್ದೆ. ಆ ಹಳದಿ ಮೆಸೇಜು ತಲೆ ತಿಂತಿತ್ತಲ್ಲ, ಅದರ ಬಾಯೂ ಮುಚ್ಚಿಸ್ದೆ.”

ಆಕೆ ದನಿ ತಗ್ಗಿಸಿದರು.

“ಎಕ್ಸ್‌ರೇ ಕಿರಣ ಮಿತಿ ಮೀರಿದ್ರೆ ಬರೋದು ಕಣೋ ಅದು. ಬಂದಾಗೆಲ್ಲ ನಾನು ಕಡಿಮೆ ಮಾಡ್ತಿದ್ದೆ. ನೀನು?”

“ನಾನು... ಓಕೆ ಒತ್ತಿಬಿಡ್ತಿದ್ದೆ.”

“ಮೊದಲು ಅದನ್ನ ವಾಪಸ್ ಹಾಕು.”

“ಎಲ್ಲಿ ತೆಗೆದೆ ಅಂತಾನೇ ನೆನಪಾಗ್ತಿಲ್ಲಕ್ಕಾ.”

ಇಬ್ಬರೂ ಒಳಗೆ ಹೋದರು. ಬಾಗಿಲ ಸಂದಿಯಲ್ಲಿ, ಕಂಪ್ಯೂಟರ್ ಪರದೆಯ ತುಂಬ ಅವನ ಮಗಳು ನಗುತ್ತಿದ್ದಳು.

“ಮುಂದಿನವರು ಬನ್ನಿ,” ಎಂದು ಅವನ ದನಿ ಬಂತು.

ಬೆಂಚಿನಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು.